ಬಡ ಕೈಯ ಸವಾಲು

ಆ ಹದಿಮೂರು ಎಲೆಗಳನ್ನು ಇವತ್ತಿಗೂ ಒಂದೂ ಬಿಡದೆ ಹೇಳಬಲ್ಲೆ. ಸ್ಪೇಡಿನಲ್ಲಿ ಗುಲಾಮ, ಎಂಟು, ಆರು, ನಾಲ್ಕು, ಎರಡು. ಹಾರ್ಟಿನಲ್ಲಿ ಏಳು, ಮೂರು. ಡೈಮಂಡಿನಲ್ಲಿ ಒಂಬತ್ತು, ಐದು, ನಾಲ್ಕು. ಕ್ಲಬ್ಬಿನಲ್ಲಿ ಎಂಟು, ಆರು, ಎರಡು. ಎಕ್ಕ ಇಲ್ಲ, ರಾಜ ಇಲ್ಲ, ರಾಣಿ ಇಲ್ಲ. ಹದಿಮೂರು ಎಲೆಗೂ ಸೇರಿ ಒಬ್ಬನೇ ಗುಲಾಮ.

ಬಿನ್ನಿಪೇಟೆಯಲ್ಲಿ, ಮಾಗಡಿ ರಸ್ತೆಯ ಕಡೆಯಿಂದ ಒಳಗೆ ಬರುವ ಓಣಿಯೊಂದರಲ್ಲಿ ನಮ್ಮ ಮೇಷ್ಟ್ರ ಮನೆ. ಲೆಕ್ಕದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಭಾನುವಾರ ಮಧ್ಯಾಹ್ನ ಮೂರಕ್ಕೆ ಅವರ ಮನೆಯಲ್ಲಿ ಎರಡು ಮೇಜು ಬೀಳುತ್ತಿದ್ದವು. ಹಜಾರದಲ್ಲಿ ಒಂದು, ನಡುಮನೆಯಲ್ಲಿ ಒಂದು. ಎಂಟು ಜನ, ನಾಲ್ಕು ನಾಲ್ಕು ಜನರ ಎರಡು ತಂಡ. ಹಜಾರದಲ್ಲಿ ಆಡಿ ಮುಗಿದ ಎಲೆಗಳು ಅದೇ ಜೋಡಣೆಯಲ್ಲಿ ನಡುಮನೆಗೆ ಹೋಗುತ್ತಿದ್ದವು. ಅಲ್ಲಿ ನಮ್ಮ ದಿಕ್ಕಿನಲ್ಲಿ ಕೂತ ಎದುರಾಳಿ ತಂಡದವರು ಅದೇ ಎಲೆ ಹಿಡಿದು ಆಡಬೇಕು. ನಾನು ಬ್ರಿಡ್ಜ್ ಕಲಿಯಲು ಶುರುಮಾಡಿ ಎರಡು ತಿಂಗಳಾಗಿತ್ತು. ಮೇಷ್ಟ್ರೇ ನನ್ನ ಪಾರ್ಟ್ನರ್.

ಮೇಷ್ಟ್ರು 'ಒಂದು ಕ್ಲಬ್' ಎಂದರು. ಎಡಗಡೆಯವರು ಪಾಸ್. ನಾನು ಕೈಯಲ್ಲಿದ್ದ ಗುಲಾಮನನ್ನು ನೋಡಿದೆ. ಇಷ್ಟು ಬಡ ಕೈ ಇಟ್ಟುಕೊಂಡು ಬಾಯಿ ಬಿಡುವುದು ತಪ್ಪು ಅನ್ನಿಸಿತು. ಪಾಸ್ ಅಂದೆ. ಬಲಗಡೆಯವರೂ ಪಾಸ್. ಅಲ್ಲಿಗೆ ಹರಾಜು ಮುಗಿಯಿತು. ಮೇಷ್ಟ್ರು ಕ್ಲಬ್ಬನ್ನು ತುರುಪು ಮಾಡಿಕೊಂಡು ಏಳು ಟ್ರಿಕ್ ಗೆಲ್ಲಬೇಕು. ಅವರ ಕೈಯಲ್ಲಿದ್ದದ್ದು ಎರಡೇ ಕ್ಲಬ್. ನನ್ನವು ಮೂರು. ಮಿಕ್ಕ ಎಂಟೂ ಎದುರಾಳಿಗಳ ಕೈಯಲ್ಲಿ. ಏಳರ ಜಾಗದಲ್ಲಿ ಐದು ಟ್ರಿಕ್ ಬಂತು. ನಮಗೆ ನೂರು ಪಾಯಿಂಟ್ ನಷ್ಟ. ನಡುಮನೆಯ ಮೇಜಿನಲ್ಲಿ ಅದೇ ಎಲೆಗಳಿಗೆ 140 ಲಾಭ ಬಂದಿತ್ತು. 240ರ ಅಂತರ, ತಂಡದ ಲೆಕ್ಕದಲ್ಲಿ 6 ಇಂಪ್.

ಮೇಷ್ಟ್ರು ಬೈಯಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ನಿನ್ನ ಹತ್ರ ಏನೂ ಇಲ್ಲ ಅಂತ ನನಗೆ ಹೇಳಬೇಕಿತ್ತಮ್ಮ. ನೀನು ಹೇಳಲಿಲ್ಲ. ಎದ್ದು ಹೋದೆ."

'ಏನೂ ಇಲ್ಲ' ಎಂದು ಹೇಳುವುದು ಬೇರೆ, ಸುಮ್ಮನಿರುವುದು ಬೇರೆ ಎಂಬುದು ನನಗೆ ತಿಳಿದದ್ದು ಆವತ್ತು. ಈ ಲೇಖನ ಅದರ ಬಗ್ಗೆಯೇ. ಬ್ರಿಡ್ಜಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ದೊಡ್ಡ ಕೈಗಳ, ಹದಿಮೂರೂ ಟ್ರಿಕ್ ಗೆದ್ದ ಗ್ರಾಂಡ್ ಸ್ಲ್ಯಾಮುಗಳ ಕಥೆ ಹೇಳುತ್ತಾರೆ. ಒಂದು ಸಿಸ್ಟಮ್ ಎಷ್ಟು ಚೆನ್ನಾಗಿ ಕಟ್ಟಿದ್ದು ಅಂತ ಗೊತ್ತಾಗುವುದು ಮಾತ್ರ ಎದುರು ಕೂತವರಿಗೆ ಎರಡು ಪಾಯಿಂಟಿನ ಕೈ ಬಂದಾಗ. ಇದು ನನ್ನ ಗಟ್ಟಿ ನಂಬಿಕೆ.

ಬ್ರಿಡ್ಜ್ ಗೊತ್ತಿಲ್ಲದವರಿಗೆ ಎರಡು ಮಾತು. ಕಾಸರಗೋಡು, ಕರಾವಳಿಯ ಕಡೆ 'ಇಪ್ಪತ್ತೆಂಟು' ಆಡಿದವರಿಗೆ ಇದರ ಅರ್ಧ ಆಗಲೇ ಗೊತ್ತು. ನಾಲ್ಕು ಜನ, ಎದುರುಬದುರು ಕೂತವರು ಜೋಡಿ, ಮೊದಲು ಹರಾಜು, ಆಮೇಲೆ ಆಟ. 'ಇಪ್ಪತ್ತೆಂಟ'ರಲ್ಲಿ 32 ಎಲೆ, ಗುಲಾಮನೇ ದೊಡ್ಡವನು. ಬ್ರಿಡ್ಜಿನಲ್ಲಿ 52 ಎಲೆ, ತಲೆಗೆ ಹದಿಮೂರು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಒಟ್ಟು 40 ಪಾಯಿಂಟು, ಒಬ್ಬರಿಗೆ ಸರಾಸರಿ 10. ಸುತ್ತಿಗೆ ನಾಲ್ಕು ಎಲೆ ಬಿದ್ದರೆ ಒಂದು ಟ್ರಿಕ್, ಒಟ್ಟು ಹದಿಮೂರು ಟ್ರಿಕ್. ನಮ್ಮ ಕಳಾವರ್, ಡೈಮನ್, ಆಟೀನು, ಇಸ್ಪೀಟು ಇಲ್ಲಿ ಕ್ಲಬ್, ಡೈಮಂಡ್, ಹಾರ್ಟ್, ಸ್ಪೇಡ್. ಹರಾಜಿನಲ್ಲಿ ಅವುಗಳ ಬೆಲೆ ಇದೇ ಕ್ರಮದಲ್ಲಿ ಏರುತ್ತದೆ. ಎಲ್ಲಕ್ಕಿಂತ ಮೇಲೆ ತುರುಪೇ ಇಲ್ಲದ ಆಟ, ನೋಟ್ರಂಪ್. 'ಒಂದು' ಎಂದರೆ ಆರರ ಮೇಲೆ ಒಂದು, ಏಳು ಟ್ರಿಕ್. 'ನಾಲ್ಕು' ಎಂದರೆ ಹತ್ತು.

ಹರಾಜಿನಲ್ಲಿ ಬೆಲೆ ಏರಿಸುವುದಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ: ಸವಾಲು ಕೂಗುವುದು. ಮಂಡಿಯಲ್ಲಿ ಸವಾಲು ಕೂಗುವವನ ಕೈಯಲ್ಲಿ ದುಡ್ಡಿರಬೇಕು. ಇಲ್ಲದವನು ಹಿಂದೆ ನಿಂತು ನೋಡುತ್ತಾನೆ. ಬ್ರಿಡ್ಜಿನ ಸವಾಲು ಹಾಗಲ್ಲ. ಅದು ಬೆಲೆಯೂ ಹೌದು, ಮಾತೂ ಹೌದು. ಏಳು ಮೆಟ್ಟಿಲು, ಮೆಟ್ಟಿಲಿಗೆ ಐದು ಸವಾಲು, ಒಟ್ಟು 35. ಪಾಸ್, ಎದುರಾಳಿಯ ಸವಾಲಿನ ಪಣ ಏರಿಸುವ ಡಬಲ್, ಅದನ್ನು ಇನ್ನೂ ಏರಿಸುವ ರೀಡಬಲ್ ಸೇರಿಸಿದರೆ 38. ಜೋಡಿಗೆ ಇರುವ ನಿಘಂಟು ಇಷ್ಟೇ, 38 ಪದ. ಒಬ್ಬರ ಕೈಗೆ ಬರಬಹುದಾದ ಹದಿಮೂರು ಎಲೆಗಳ ಜೋಡಣೆಗಳಾದರೋ 63,501 ಕೋಟಿಗೂ ಮೇಲೆ. ಅದರಲ್ಲಿ ನಿಮ್ಮದು ಯಾವುದು ಅಂತ ಎದುರಿನವರಿಗೆ ಆ 38 ಪದಗಳಲ್ಲೇ ತಿಳಿಸಬೇಕು. ಒಮ್ಮೆ ಬಳಸಿದ ಮೆಟ್ಟಿಲಿಗೆ ಮತ್ತೆ ಇಳಿಯುವ ಹಾಗಿಲ್ಲ.

ಪದಗಳು ಇಷ್ಟು ಕಡಿಮೆ ಇರುವುದರಿಂದಲೇ ಕೆಲವರು ಪದದ ಅರ್ಥವನ್ನೇ ಬದಲಿಸಿದರು. 'ಒಂದು ಕ್ಲಬ್' ಎಂದರೆ ಕ್ಲಬ್ ಇದೆ ಎಂದೇ ಯಾಕಾಗಬೇಕು? 'ನನ್ನ ಕೈ ಬಲವಾಗಿದೆ, ಯಾವ ಬಣ್ಣವೋ ಆಮೇಲೆ ಹೇಳುತ್ತೇನೆ' ಎಂದು ಯಾಕಾಗಬಾರದು? ಹೀಗೆ ಕಟ್ಟಿದ್ದೇ ಕೃತಕ ಪದ್ಧತಿಗಳು, ಆಟಗಾರರ ಬಾಯಲ್ಲಿ ಆರ್ಟಿಫಿಷಿಯಲ್ ಸಿಸ್ಟಮ್. ಈ ಯೋಚನೆಗೆ ಕಾಂಟ್ರ್ಯಾಕ್ಟ್ ಬ್ರಿಡ್ಜಿನಷ್ಟೇ ವಯಸ್ಸು. 1925ರ ಕೊನೆಯಲ್ಲಿ ಪನಾಮಾ ಕಾಲುವೆಯ ಮೂಲಕ ಹವಾನಾಗೆ ಹೊರಟಿದ್ದ ಹಡಗಿನಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಈ ಆಟಕ್ಕೆ ಹೊಸ ಅಂಕಪದ್ಧತಿ ರೂಪಿಸಿದರು. ಬಲವಾದ ಕೈಗೆ 'ಒಂದು ಕ್ಲಬ್' ಎನ್ನುವ ಕ್ರಮವನ್ನು ಮುಂದಿಟ್ಟವರೂ ಅವರೇ. ಅದಕ್ಕೆ ಎದುರಿನ ಬಡ ಕೈ 'ಒಂದು ಡೈಮಂಡ್' ಎನ್ನಬೇಕು ಎಂದು ಅವರು ಆಗಲೇ ಗೊತ್ತುಮಾಡಿದ್ದರು. ಸುಮಾರು ನೂರು ವರ್ಷದ ಮಾತು. ಇವತ್ತು ಬೆಂಗಳೂರಿನ ಮೇಜುಗಳಲ್ಲಿ ಕೂತವರು ಅದೇ ಎರಡು ಮಾತಿನಿಂದ ಹರಾಜು ಶುರುಮಾಡುತ್ತಾರೆ.

ಮೇಷ್ಟ್ರು ನನಗೆ ಕಲಿಸಿದ್ದು ಪ್ರಿಸಿಷನ್. ಶಾಂಘೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ಹಡಗಿನ ವ್ಯಾಪಾರ ಮಾಡುತ್ತಿದ್ದ ಸಿ.ಸಿ. ವೇ 1960ರ ದಶಕದಲ್ಲಿ ಕಟ್ಟಿದ ಪದ್ಧತಿ ಅದು. ಅದನ್ನು ಹಿಡಿದು ಆಡಿದ ತೈವಾನ್ ತಂಡ 1969ರಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಾದ ಬರ್ಮುಡಾ ಬೌಲ್‌ನ ಫೈನಲ್ ತಲುಪಿತು. ಯಾರೂ ಲೆಕ್ಕಕ್ಕೆ ಇಟ್ಟಿರದ ತಂಡ ಎರಡನೇ ಸ್ಥಾನಕ್ಕೆ ಬಂತು. 1970ರಲ್ಲಿ ಮತ್ತೆ ಎರಡನೇ ಸ್ಥಾನ. ಅಲ್ಲಿಂದ ಮುಂದೆ ಜಗತ್ತೆಲ್ಲ ಪ್ರಿಸಿಷನ್ ಕಲಿಯತೊಡಗಿತು.

ಇದರ ಹೃದಯ ಒಂದೇ ಸಾಲಿನಲ್ಲಿದೆ. 16 ಅಥವಾ ಅದಕ್ಕಿಂತ ಹೆಚ್ಚು ಪಾಯಿಂಟ್ ಇದ್ದರೆ 'ಒಂದು ಕ್ಲಬ್'. ನೂರು ಸಲ ಎಲೆ ಹಂಚಿದರೆ ಒಬ್ಬರಿಗೆ ಇಂಥ ಕೈ ಬರುವುದು ಹತ್ತಕ್ಕಿಂತ ತುಸು ಕಡಿಮೆ ಸಲ. ಮೇಷ್ಟ್ರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದ ಲೆಕ್ಕ ಹೀಗಿತ್ತು. ಒಬ್ಬರ ಕೈಯಲ್ಲಿ 16 ಇದ್ದರೆ ಉಳಿದದ್ದು 24. ಅದನ್ನು ಮೂವರು ಹಂಚಿಕೊಳ್ಳಬೇಕು, ಸರಾಸರಿ 8. ಅವರ ಹತ್ತಿರ 19 ಇದ್ದರೆ ಉಳಿದವರ ಪಾಲು ಏಳೇಳು. ಅಂದರೆ ಒಂದು ಕ್ಲಬ್ ಎಂದವರ ಎದುರು ಕೂತವರ ಕೈ ಸುಮಾರು ಅರ್ಧದಷ್ಟು ಸಲ ಏಳು ಪಾಯಿಂಟನ್ನೂ ದಾಟುವುದಿಲ್ಲ. "ಬಡ ಕೈ ಅನ್ನೋದು ಯಾವತ್ತೋ ಒಂದಿನ ಬರೋ ಕಷ್ಟ ಅಲ್ಲಮ್ಮ. ಅದೇ ದಿನನಿತ್ಯದ ಸಂಸಾರ. ಸಿಸ್ಟಮ್ ಮೊದಲು ಅದಕ್ಕೆ ಜಾಗ ಮಾಡಿಕೊಡಬೇಕು" ಅಂದರು.

ಆ ಜಾಗವೇ 'ಒಂದು ಡೈಮಂಡ್'. ಸೊನ್ನೆಯಿಂದ ಏಳು ಪಾಯಿಂಟು, ಎಲೆಗಳ ಹಂಚಿಕೆ ಹೇಗೇ ಇರಲಿ, ಮೊದಲ ಉತ್ತರ ಇದು. ಡೈಮಂಡ್ ಒಂದೂ ಇಲ್ಲದಿದ್ದರೂ ಸರಿ. ಎಂಟು ಅಥವಾ ಹೆಚ್ಚು ಇದ್ದು ಐದೆಲೆಯ ಬಣ್ಣವಿದ್ದರೆ ಅದನ್ನೇ ಕೂಗುವುದು. ಆಗ ಇಬ್ಬರೂ ಗೇಮ್ ಮುಟ್ಟುವವರೆಗೆ ನಿಲ್ಲುವಂತಿಲ್ಲ. ಗಡಿ ಎಂಟಕ್ಕೇ ಯಾಕೆ? ಗೇಮ್ ಅಂದರೆ ನೋಟ್ರಂಪಿನಲ್ಲಿ ಒಂಬತ್ತು ಟ್ರಿಕ್, ಸ್ಪೇಡ್ ಹಾರ್ಟುಗಳಲ್ಲಿ ಹತ್ತು. ಅದಕ್ಕೆ ಇಬ್ಬರಿಗೂ ಸೇರಿ ಇಪ್ಪತ್ತೈದರ ಆಸುಪಾಸು ಬೇಕು. ಹದಿನಾರಕ್ಕೆ ಎಂಟು ಸೇರಿದರೆ ಹತ್ತಿರ ಬಂದ ಹಾಗೆ. ಏಳಾದರೆ ಸಾಲದು, ನೋಡಿಕೊಂಡು ಹೆಜ್ಜೆ ಇಡಬೇಕು.

ಒಂದು ಕ್ಲಬ್ಬಿನ ನಂತರದ ಅತಿ ಕೆಳಗಿನ ಮೆಟ್ಟಿಲು ಒಂದು ಡೈಮಂಡ್. ಅತಿ ಹೆಚ್ಚು ಸಲ ಬರುವ ಕೈಗೆ ಅತಿ ಅಗ್ಗದ ಪದವನ್ನು ಕೊಟ್ಟಿದ್ದಾರೆ ಎಂಬುದನ್ನು ಗಮನಿಸಿ. ನಾವು ದಿನವೂ ಆಡುವ ಮಾತುಗಳೂ ಚಿಕ್ಕವೇ: ಬಾ, ಹೋಗು, ಇಲ್ಲ. ಬಡ ಕೈ ಮೆಟ್ಟಿಲು ಏರಿಸಿಬಿಟ್ಟರೆ ಬಲವಾದ ಕೈಗೆ ತನ್ನ ಬಣ್ಣ ಹೇಳಿಕೊಳ್ಳಲು ಜಾಗ ಉಳಿಯುವುದಿಲ್ಲ. ಕೆಲವು ಜೋಡಿಗಳು ಇದನ್ನು ತಿರುಗಿಸಿ, ಅಗ್ಗದ ಮೆಟ್ಟಿಲನ್ನು ಬಲವಾದ ಉತ್ತರಕ್ಕೂ ಒಂದು ಹಾರ್ಟನ್ನು ಬಡ ಕೈಗೂ ಇಟ್ಟುಕೊಳ್ಳುತ್ತಾರೆ. ದೊಡ್ಡ ಕೈಗಳನ್ನು ವಿವರವಾಗಿ ಬಿಡಿಸಿ ಹೇಳಲು ಅದು ಅನುಕೂಲ ಎನ್ನುವುದು ಅವರ ವಾದ. ನನಗೆ ಒಪ್ಪಿಗೆಯಿಲ್ಲ. ದಿನಬಳಕೆಯ ದಾರಿ ನೇರವಾಗಿರಬೇಕು.

ಈಗ ನನ್ನ ಆ ಗುಲಾಮನ ಕೈಗೆ ಮರಳೋಣ. ನಡುಮನೆಯಲ್ಲಿ ಅದೇ ಎಲೆ ಹಿಡಿದಿದ್ದವರು ಹಳೆಯ ಕೈ. ಅಲ್ಲಿ ನಡೆದ ಮಾತುಕತೆ ಇದು. ಒಂದು ಕ್ಲಬ್: ನನ್ನ ಕೈ ಬಲವಾಗಿದೆ. ಒಂದು ಡೈಮಂಡ್: ನನ್ನದು ಬಡ ಕೈ. ಒಂದು ನೋಟ್ರಂಪ್: ನನ್ನದು 16ರಿಂದ 18, ಯಾವ ಬಣ್ಣವೂ ಉದ್ದವಿಲ್ಲ. ಎರಡು ಹಾರ್ಟ್: ನೀವು ಎರಡು ಸ್ಪೇಡ್ ಅನ್ನಿ, ನನ್ನ ಹತ್ತಿರ ಐದು ಸ್ಪೇಡ್ ಇದೆ. ಎರಡು ಸ್ಪೇಡ್. ಪಾಸ್. ಬಲವಾದ ಕೈಯಲ್ಲಿ ನಾಲ್ಕು ಸ್ಪೇಡ್ ಇದ್ದವು. ಒಂಬತ್ತು ತುರುಪು ಸೇರಿತು. ಒಂಬತ್ತು ಟ್ರಿಕ್, 140.

ನಡುವೆ ಬಂದ 'ಎರಡು ಹಾರ್ಟ್' ಟ್ರಾನ್ಸ್‌ಫರ್ ಎಂಬ ಏರ್ಪಾಡು. ಅಮೆರಿಕದ ಆಸ್ವಾಲ್ಡ್ ಜಾಕೊಬಿ 1950ರ ದಶಕದಲ್ಲಿ ಅದನ್ನು ಬಳಕೆಗೆ ತಂದರು. ಸ್ಪೇಡ್ ಇದ್ದವರು ಹಾರ್ಟ್ ಕೂಗುತ್ತಾರೆ, ಎದುರಿನವರು ಸ್ಪೇಡ್ ಕೂಗಿ ಆಟದ ಯಜಮಾನಿಕೆ ವಹಿಸಿಕೊಳ್ಳುತ್ತಾರೆ. ಡಮ್ಮಿಯಾಗಿ ಮೇಜಿನ ಮೇಲೆ ಬಿಚ್ಚಿ ಇಡುವುದು ಬಡ ಕೈಯನ್ನು. ಬಲವಾದ ಕೈ ಎದುರಾಳಿಗಳ ಕಣ್ಣಿಗೆ ಬೀಳದೆ ಉಳಿಯುತ್ತದೆ. ಇನ್ನೊಂದು ಸಂಗತಿಯೂ ಇದೆ. ಆ ಐದು ಸ್ಪೇಡುಗಳು ನೋಟ್ರಂಪಿನಲ್ಲಿ ಬಹುಮಟ್ಟಿಗೆ ದಂಡ. ಅವು ಬೆಳೆದರೂ ಆ ಕೈಗೆ ಹೋಗಿ ಗೆಲ್ಲಲು ದಾರಿಯಾಗುವ ಒಂದು ಎಕ್ಕ, ಒಂದು ರಾಜ ಅಲ್ಲಿಲ್ಲ. ಸ್ಪೇಡೇ ತುರುಪಾದರೆ ಮಾತ್ರ ನಾಲ್ಕು, ಎರಡು ಕೂಡ ಎದುರಾಳಿಯ ರಾಜನನ್ನು ಕಡಿಯುತ್ತವೆ. ಬಡ ಕೈಗೆ ಎರಡನೇ ಸಲ ಮಾತಾಡುವ ಹಕ್ಕು ಬರುವುದು ಪಾಯಿಂಟಿನಿಂದ ಅಲ್ಲ, ಉದ್ದದಿಂದ. ಹೊಸಬರು ಇದನ್ನು ಬೇಗ ಮನಗಾಣಬೇಕು. ಪಾಯಿಂಟ್ ಎಣಿಸಿ ಎಲೆಗಳನ್ನು ಮುಚ್ಚಿಟ್ಟುಬಿಟ್ಟರೆ ಸಂಪತ್ತು ಅಲ್ಲೇ ಉಳಿದುಹೋಗುತ್ತದೆ.

ಇದರ ತುತ್ತತುದಿಯ ಉದಾಹರಣೆಯೊಂದಿದೆ. ಸ್ಪೇಡಿನಲ್ಲಿ ಒಂಬತ್ತು, ಏಳು, ನಾಲ್ಕು, ಮೂರು. ಹಾರ್ಟಿನಲ್ಲಿ ಒಂಬತ್ತು, ಎಂಟು, ಐದು, ಎರಡು. ಡೈಮಂಡಿನಲ್ಲಿ ಎಂಟು, ಆರು, ನಾಲ್ಕು, ಮೂರು, ಎರಡು. ಕ್ಲಬ್ ಒಂದೂ ಇಲ್ಲ. ಒಂಬತ್ತಕ್ಕಿಂತ ದೊಡ್ಡ ಎಲೆಯೇ ಇಲ್ಲದ ಇಂಥ ಕೈಗೆ ಯಾರ್ಬರೊ ಎಂದು ಹೆಸರು. ಆ ಹೆಸರಿನ ಇಂಗ್ಲಿಷ್ ಪ್ರಭು ಇಂಥ ಕೈ ಬಾರದು ಎಂದು ಒಂದಕ್ಕೆ ಸಾವಿರದಂತೆ ಪಂಥ ಕಟ್ಟುತ್ತಿದ್ದನಂತೆ. ನಿಜವಾದ ಲೆಕ್ಕ 1,828ರಲ್ಲಿ ಒಂದು ಸಲ. ಎದುರಿನವರು ನೇರವಾಗಿ 'ಒಂದು ನೋಟ್ರಂಪ್' ಎಂದು ಹರಾಜು ತೆರೆದಿದ್ದಾರೆ ಅಂತಿಟ್ಟುಕೊಳ್ಳಿ. ಸುಮ್ಮನಿದ್ದರೆ ಅವರು ತಮ್ಮ ಕೈಯೊಂದರಿಂದಲೇ ಏಳು ಟ್ರಿಕ್ ಹೊಂದಿಸಬೇಕು. ಬಲ್ಲವರು ಇಲ್ಲಿ 'ಎರಡು ಕ್ಲಬ್' ಎನ್ನುತ್ತಾರೆ. 'ನಿಮ್ಮ ಹತ್ತಿರ ನಾಲ್ಕು ಹಾರ್ಟೋ ಸ್ಪೇಡೋ ಇದೆಯೇ?' ಎಂದು ಕೇಳುವ ಸ್ಟೇಮನ್ ಎಂಬ ಕೃತಕ ಸವಾಲು ಅದು. ಉತ್ತರ ಎರಡು ಸ್ಪೇಡ್ ಆಗಲಿ, ಎರಡು ಹಾರ್ಟ್ ಆಗಲಿ, ಎರಡೂ ಇಲ್ಲ ಎನ್ನುವ ಎರಡು ಡೈಮಂಡ್ ಆಗಲಿ, ಪಾಸ್. ಮೂರರಲ್ಲಿ ಯಾವುದಾದರೂ ನಿಮ್ಮ ಕೈಯಲ್ಲಿ ನಾಲ್ಕೈದು ತುರುಪು ಗ್ಯಾರಂಟಿ. ಸೊನ್ನೆ ಪಾಯಿಂಟಿನವರು ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಒಪ್ಪಿಕೊಂಡು, ಜೋಡಿಯನ್ನು ಒಳ್ಳೆಯ ಜಾಗಕ್ಕೆ ಮುಟ್ಟಿಸಿದರು. ಇಂಗ್ಲಿಷಿನಲ್ಲಿ ಇದನ್ನು ಕಸದ ಸ್ಟೇಮನ್ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಆ ಹೆಸರು ನನಗೆ ಹಿಡಿಸುವುದಿಲ್ಲ. ಇಷ್ಟು ಸುಂದರವಾದ ಯೋಚನೆಗೆ ಕಸ ಅನ್ನಬಾರದು.

ಪ್ರಿಸಿಷನ್ನಿಗೆ ಬರೋಣ. ಒಂದು ಡೈಮಂಡಿನೊಳಗೆ ಸೊನ್ನೆಯೂ ಇದೆ, ಏಳೂ ಇದೆ. ಇವೆರಡರ ನಡುವಿನ ಅಂತರ ದೊಡ್ಡದು. ಎದುರಿನವರ ಹತ್ತಿರ 16 ಇದ್ದರೆ ಆ ಅಂತರದಿಂದ ಅಷ್ಟೇನೂ ವ್ಯತ್ಯಾಸವಾಗದು, ಕೆಳಗೇ ನಿಂತರಾಯಿತು. ಅವರ ಹತ್ತಿರ 21 ಇದ್ದರೆ? ನಿಮ್ಮದು ಸೊನ್ನೆಯಾದರೆ ಎರಡರ ಮೆಟ್ಟಿಲೂ ಕಷ್ಟ. ಆರಾದರೆ ಗೇಮ್ ಬಿಡುವುದು ಪಾಪ. ಅದಕ್ಕೆ ಬಡತನವನ್ನೂ ಎರಡಾಗಿ ಬಿಡಿಸಿದರು. ಸೊನ್ನೆಯಿಂದ ನಾಲ್ಕು ಕಡುಬಡವ. ಐದರಿಂದ ಏಳು ಸೆಮಿ ಪಾಸಿಟಿವ್, ಅಂದರೆ ಮನೆಯಲ್ಲಿ ಒಂದು ಹೊತ್ತಿಗೆ ಅಕ್ಕಿ ಇದೆ. ಬಲವಾದ ಕೈ ತನ್ನ ಬಣ್ಣ ಹೇಳಿದ ಮೇಲೆ ಕಡುಬಡವ ಪಾಸ್ ಅನ್ನಬಹುದು. ಐದರಿಂದ ಏಳು ಇದ್ದು ಆ ಬಣ್ಣದ ಮೂರೆಲೆ ಇದ್ದರೆ ಒಂದು ಮೆಟ್ಟಿಲು ಏರಿಸಬೇಕು. ಬಲವಾದ ಕೈ ಜಿಗಿದು ಕೂಗಿ 'ನಿಲ್ಲಬೇಡ' ಎಂದಿದ್ದರೆ, ಕಡುಬಡವ ಎರಡನೇ ಸಲವೂ ಒಂದು ಅಗ್ಗದ ಸವಾಲಿನಿಂದ 'ಈಗಲೂ ಇಲ್ಲ' ಎನ್ನಬೇಕು. ಇದಕ್ಕೆ ಡಬಲ್ ನೆಗೆಟಿವ್ ಎನ್ನುತ್ತಾರೆ. ಪ್ರಿಸಿಷನ್ ಆಡದವರಿಗೂ ಇದು ಬೇಕಾಗುತ್ತದೆ. ಬಹಳ ದೊಡ್ಡ ಕೈಗೆ 'ಎರಡು ಕ್ಲಬ್' ಎಂದು ತೆರೆಯುವ ಸಹಜ ಪದ್ಧತಿಯವರೂ ಇಂಥದೊಂದು ಇಲ್ಲ-ಪದವನ್ನು ಗೊತ್ತುಮಾಡಿಕೊಳ್ಳದೆ ಮೇಜಿಗೆ ಕೂರಬಾರದು.

ಇಟಲಿಯವರು ಬೇರೆ ದಾರಿ ಹಿಡಿದರು. 1957ರಿಂದ 1969ರವರೆಗೆ ಹತ್ತು ಸಲ ಬರ್ಮುಡಾ ಬೌಲ್ ಗೆದ್ದ ಅವರ ಬ್ಲೂ ಟೀಮ್‌ನ ಹೆಸರಿನ ಬ್ಲೂ ಕ್ಲಬ್ ಪದ್ಧತಿಯಲ್ಲಿ ಉತ್ತರಿಸುವವರು ಬಣ್ಣ ಹೇಳುವುದಿಲ್ಲ, ಕಂಟ್ರೋಲ್ ಎಣಿಸಿ ಹೇಳುತ್ತಾರೆ. ಎಕ್ಕಕ್ಕೆ ಎರಡು, ರಾಜನಿಗೆ ಒಂದು. ಆರಕ್ಕಿಂತ ಕಡಿಮೆ ಪಾಯಿಂಟಿನ ಕೈ ಅಲ್ಲೂ ಒಂದು ಡೈಮಂಡೇ. ಆರು ಅಥವಾ ಹೆಚ್ಚು ಪಾಯಿಂಟ್ ಇದ್ದೂ ಕಂಟ್ರೋಲ್ ಎರಡನ್ನು ದಾಟದಿದ್ದರೆ ಒಂದು ಹಾರ್ಟ್. ಬಡ ಕೈಗಳಲ್ಲೂ ರಾಣಿ-ಗುಲಾಮರ ಬಡತನ ಬೇರೆ, ಒಂದು ಎಕ್ಕವಿರುವ ಬಡತನ ಬೇರೆ ಎನ್ನುವ ಸೂಕ್ಷ್ಮ ಅದು. ಸ್ಲ್ಯಾಮ್ ಹುಡುಕುವಾಗ ಒಂಟಿ ಎಕ್ಕ ಮೂರು ಗುಲಾಮರಿಗಿಂತ ಎಷ್ಟೋ ಮೇಲು. ಪೋಲೆಂಡಿನವರ ಪದ್ಧತಿಯಲ್ಲೂ ಒಂದು ಕ್ಲಬ್ಬಿಗೆ ಒಂದು ಡೈಮಂಡ್ ಬಡ ಕೈಯ ಮಾತು. ಆದರೆ ಅವರ ಒಂದು ಕ್ಲಬ್ 12ರಿಂದ 14ರ ಸಾಧಾರಣ ಕೈಯೂ ಆಗಿರಬಹುದು. ನಮ್ಮ ನೆರೆಯ ಚೆನ್ನೈಯಲ್ಲಿ 2015ರಲ್ಲಿ ನಡೆದ ಬರ್ಮುಡಾ ಬೌಲನ್ನು ಗೆದ್ದವರು ಪೋಲೆಂಡಿನವರೇ.

ಇಷ್ಟೆಲ್ಲ ಎದುರಾಳಿಗಳು ಸುಮ್ಮನಿದ್ದಾಗ. ಅವರೇಕೆ ಸುಮ್ಮನಿರುತ್ತಾರೆ? ಒಂದು ಕ್ಲಬ್ ಎಂದ ಕೂಡಲೇ ನಾವು ನಮ್ಮ ಬಲ ಹೇಳಿದ್ದೇವೆ, ಬಣ್ಣ ಹೇಳಿಲ್ಲ. ಜಾಗ ಕದಿಯಲು ಅವರಿಗೆ ಇದಕ್ಕಿಂತ ಒಳ್ಳೆಯ ಗಳಿಗೆಯಿಲ್ಲ. ಬಲಹೀನ ಕೈಯಿಂದಲೇ ನುಗ್ಗುತ್ತಾರೆ. ಇದಕ್ಕೆ ಹಲವು ಏರ್ಪಾಡುಗಳಿವೆ. ಹೆಚ್ಚು ಬಳಕೆಯಲ್ಲಿರುವುದು ಮಾತೇ ಎಂಬವರ ಹೆಸರಿನದು: ಡಬಲ್ ಎಂದರೆ ಹಾರ್ಟ್ ಮತ್ತು ಸ್ಪೇಡ್, ಒಂದು ನೋಟ್ರಂಪ್ ಎಂದರೆ ಕ್ಲಬ್ ಮತ್ತು ಡೈಮಂಡ್. ಕೃತಕ ಪದ್ಧತಿ ಆಡುವವರಿಗೆ ನಿಜವಾದ ಕಷ್ಟ ಇಲ್ಲಿದೆ. ಮೇಷ್ಟ್ರು ಒಂದು ಕ್ಲಬ್ ಎಂದ ಮೇಲೆ ಎಡಗಡೆಯವರು ಒಂದು ಸ್ಪೇಡ್ ಎಂದರೆ ಒಂದು ಡೈಮಂಡ್ ಎಂಬ ನನ್ನ ಮೆಟ್ಟಿಲೇ ಕಳಚಿಹೋಯಿತು. ಈಗ ಇಲ್ಲ ಎನ್ನುವುದು ಹೇಗೆ?

ಇಲ್ಲಿ ಪಾಸ್ ಎಂಬ ಪದಕ್ಕೆ ಮತ್ತೆ ಅರ್ಥ ಬರುತ್ತದೆ. ಎದುರಾಳಿ ಮಾತಾಡಿರುವುದರಿಂದ ಹರಾಜು ಬಲವಾದ ಕೈಗೆ ತಿರುಗಿ ಬಂದೇ ಬರುತ್ತದೆ. ಆವತ್ತು ನಾನು ಪಾಸ್ ಅಂದದ್ದು ಬಾಗಿಲು ಹಾಕಿಕೊಂಡ ಹಾಗೆ. ಇಲ್ಲಿನ ಪಾಸ್ ಬಾಗಿಲು ತೆರೆದೇ ಇಟ್ಟು ಹೇಳುವ ಮಾತು: ನನ್ನದು ಸೊನ್ನೆಯಿಂದ ನಾಲ್ಕು. ಐದರಿಂದ ಏಳಿದ್ದರೆ ಡಬಲ್. ಒಂದು ಕೈ ನೋಡಿ. ಸ್ಪೇಡಿನಲ್ಲಿ ಐದು, ಎರಡು. ಹಾರ್ಟಿನಲ್ಲಿ ರಾಜ, ಎಂಟು, ಏಳು, ನಾಲ್ಕು. ಡೈಮಂಡಿನಲ್ಲಿ ರಾಣಿ, ಒಂಬತ್ತು, ಆರು, ಮೂರು. ಕ್ಲಬ್ಬಿನಲ್ಲಿ ಹತ್ತು, ಎಂಟು, ಐದು. ಐದೇ ಪಾಯಿಂಟು. ಇಲ್ಲಿ ಡಬಲ್ ಅಂದರೆ ಎದುರಿನವರಿಗೆ ಎಷ್ಟು ಸಮಾಧಾನ! ಅವರ ಹತ್ತಿರ 20 ಇದ್ದರೆ ಗೇಮ್ ಕಾಣುತ್ತದೆ. 16 ಇದ್ದರೆ ಎಲ್ಲಿ ನಿಲ್ಲಬೇಕೆಂಬುದು ಕಾಣುತ್ತದೆ. ಎದುರಾಳಿ ಬರೀ ಜಾಗ ಕದಿಯಲು ಬಂದಿದ್ದರೆ ಅವರ ಸ್ಪೇಡನ್ನೇ ಡಬಲ್ ಮಾಡಿ ದಂಡ ವಸೂಲು ಮಾಡುವ ದಾರಿಯೂ ಕಾಣುತ್ತದೆ. ಡಬಲ್ ಆದ ಮೇಲೆ ಎರಡು ಟ್ರಿಕ್ ಕಡಿಮೆ ಬಿದ್ದರೆ 300, ವಲ್ನರಬಲ್ ಆಗಿದ್ದರೆ, ಅಂದರೆ ದಂಡ ಹೆಚ್ಚಿರುವ ಸರದಿಯಾದರೆ, 500. ಜೋಡಿ ಈ ಐದು ಪಾಯಿಂಟಿನ ಮಾತನ್ನು ಮೊದಲೇ ಗೊತ್ತುಮಾಡಿಕೊಂಡಿರದಿದ್ದರೆ ಇಬ್ಬರೂ ಕತ್ತಲೆಯಲ್ಲಿ. ಎಷ್ಟೋ ಜೋಡಿಗಳು ಸ್ಲ್ಯಾಮಿನ ಸವಾಲುಗಳನ್ನು ಪುಟಗಟ್ಟಲೆ ಬರೆದಿಟ್ಟುಕೊಂಡು ಈ ಒಂದು ಸಾಲನ್ನು ಬಿಟ್ಟಿರುತ್ತವೆ.

ಬಡ ಕೈಯ ಮಾತನ್ನು ಕೊನೆಯವರೆಗೂ ಎಳೆದವರೂ ಇದ್ದರು. ಪೋಲೆಂಡ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ಕೆಲವು ಜೋಡಿಗಳು 1980ರ ದಶಕದಲ್ಲಿ ಫೋರ್ಸಿಂಗ್ ಪಾಸ್ ಎಂಬುದನ್ನು ಆಡಿದವು. ಅಲ್ಲಿ ಎಲ್ಲರಿಗಿಂತ ಮೊದಲು ಪಾಸ್ ಅಂದರೆ ಕೈ ಬಲವಾಗಿದೆ ಅಂತ. ಬಲವಾದ ಕೈ ಸುಮ್ಮನಿರುವುದರಿಂದ ಬಡ ಕೈ ಮಾತಾಡಲೇಬೇಕು. ಸೊನ್ನೆಯಿಂದ ಏಳೋ ಎಂಟೋ ಪಾಯಿಂಟಿನವರು ಗೊತ್ತುಮಾಡಿದ ಒಂದು ಸವಾಲಿನಿಂದ ಹರಾಜು ತೆರೆಯುತ್ತಿದ್ದರು. ಆ ಸವಾಲಿಗೆ ಅವರಿಟ್ಟ ಹೆಸರು ಫರ್ಟಿಲೈಸರ್, ಗೊಬ್ಬರ. ಎದುರಾಳಿಗಳು ತಬ್ಬಿಬ್ಬಾಗುತ್ತಿದ್ದರು. ವಿಶ್ವ ಬ್ರಿಡ್ಜ್ ಒಕ್ಕೂಟ ಕೊನೆಗೆ ಇಂಥ ಪದ್ಧತಿಗಳನ್ನು 'ತೀರಾ ಅಸಾಮಾನ್ಯ' ಎಂದು ಬೇರೆಯಾಗಿಟ್ಟು, ಕೆಲವೇ ದೊಡ್ಡ ಪಂದ್ಯಗಳಲ್ಲಿ ಬಿಟ್ಟು ಉಳಿದೆಡೆ ಬೇಲಿ ಹಾಕಿತು.

ಬಡ ಎಲೆಯನ್ನು ಮೇಲೆತ್ತುವ ಯೋಚನೆ ನಮ್ಮ ನೆಲಕ್ಕೆ ಹೊಸದೇನಲ್ಲ. ದಶಾವತಾರ ಗಂಜೀಫಾದಲ್ಲಿ ಹತ್ತು ಬಣ್ಣ, 120 ಎಲೆ. ಅರ್ಧ ಬಣ್ಣಗಳಲ್ಲಿ ರಾಜ, ಮಂತ್ರಿಗಳ ನಂತರ ಹತ್ತು ದೊಡ್ಡದು. ಉಳಿದರ್ಧದಲ್ಲಿ ಲೆಕ್ಕ ತಲೆಕೆಳಗು, ಒಂದು ದೊಡ್ಡದು, ಹತ್ತು ಎಲ್ಲಕ್ಕಿಂತ ಚಿಕ್ಕದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ತಾವು ರೂಪಿಸಿದ ಚದ ಎಂಬ ಎಲೆಯಾಟಗಳನ್ನೇ ಬರೆಸಿಟ್ಟಿದ್ದಾರೆ. ಇಸ್ಪೀಟು ಎಂದ ಕೂಡಲೇ ಮುಖ ತಿರುಗಿಸುವವರಿಗೆ ನಾನು ಇದನ್ನು ಹೇಳುತ್ತೇನೆ.

ಮುಖ ತಿರುಗಿಸುವವರು ನಮ್ಮ ಮನೆಯಲ್ಲೂ ಇದ್ದರು. ಬಿನ್ನಿಪೇಟೆ ದುಡಿಯುವವರ ಪೇಟೆ. 1884ರಲ್ಲಿ ಶುರುವಾದ ಬೆಂಗಳೂರು ವುಲನ್, ಕಾಟನ್ ಆ್ಯಂಡ್ ಸಿಲ್ಕ್ ಮಿಲ್ಸ್, ನಮ್ಮೆಲ್ಲರ ಬಾಯಲ್ಲಿ ಬಿನ್ನಿ ಮಿಲ್ಲು, ಈ ಪೇಟೆಗೆ ಹೆಸರನ್ನೂ ಅನ್ನವನ್ನೂ ಕೊಟ್ಟಿತು. ನಾನು ಚಿಕ್ಕವಳಿದ್ದಾಗ ಮಿಲ್ಲಿನ ಕೂಗು ಕೇಳಿ ಅಮ್ಮ ಒಲೆ ಹಚ್ಚುತ್ತಿದ್ದಳು. ಬಟವಾಡೆಯ ದಿನ ಗಂಡ ನೆಟ್ಟಗೆ ಮನೆಗೆ ಬಾರದೆ ಅಂದರ್ ಬಾಹರ್ ಚಾಪೆಯ ಮೇಲೆ ಕೂತ ಮನೆಗಳ ಸಂಕಟವನ್ನು ಅವಳು ಕಣ್ಣಾರೆ ಕಂಡಿದ್ದಳು. ಅವಳ ಸಿಟ್ಟಿಗೆ ಅರ್ಥವಿತ್ತು. ಮಿಲ್ಲು ಈಗ ಇಲ್ಲ. ಆ ಜಾಗದಲ್ಲಿ ಎತ್ತರೆತ್ತರದ ಅಪಾರ್ಟ್‌ಮೆಂಟುಗಳು ಎದ್ದಿವೆ. ಎಲೆಯಾಟದ ಮೇಲಿನ ಅನುಮಾನ ಮಾತ್ರ ಹೋಗಿಲ್ಲ.

ಬ್ರಿಡ್ಜಿನಲ್ಲಿ ಅದೃಷ್ಟದ ಪಾಲನ್ನು ಕಳೆಯಲೆಂದೇ ಡೂಪ್ಲಿಕೇಟ್ ಎಂಬ ಕ್ರಮ ಬಂದಿದೆ. ಮೇಷ್ಟ್ರ ಹಜಾರದಿಂದ ನಡುಮನೆಗೆ ಎಲೆ ಹೋಗುತ್ತಿತ್ತಲ್ಲ, ಅದೇ. ನನಗೆ ಬಂದ ಗುಲಾಮನ ಕೈಯೇ ಇನ್ನೊಂದು ಮೇಜಿನಲ್ಲಿ ನನ್ನ ದಿಕ್ಕಿಗೆ ಕೂತವರಿಗೂ ಬರುತ್ತದೆ. ಕೆಟ್ಟ ಎಲೆ ಬಂತು ಎಂದು ದೂರುವಂತಿಲ್ಲ. ಆ ಕೆಟ್ಟ ಎಲೆಯನ್ನು ಯಾರು ಹೇಗೆ ನಡೆಸಿದರು ಎಂಬುದಷ್ಟೇ ಲೆಕ್ಕ. 1967ರಲ್ಲಿ ಸತ್ಯನಾರಾಯಣ ಪ್ರಕರಣದಲ್ಲಿ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ಹೇಳಿದಾಗ ಹೋಲಿಕೆಗೆ ತೆಗೆದುಕೊಂಡದ್ದು ಬ್ರಿಡ್ಜನ್ನೇ. 2018ರಲ್ಲಿ ಬ್ರಿಡ್ಜ್ ಮೊದಲ ಸಲ ಏಷ್ಯನ್ ಕ್ರೀಡಾಕೂಟಕ್ಕೆ ಬಂತು. ಜಕಾರ್ತಾದಲ್ಲಿ 60 ವರ್ಷದ ಪ್ರಣಬ್ ಬರ್ಧನ್ ಮತ್ತು 56ರ ಶಿಬನಾಥ್ ಸರ್ಕಾರ್ ಪುರುಷರ ಜೋಡಿಯಲ್ಲಿ ಚಿನ್ನ ಗೆದ್ದರು. ಆ ಸುದ್ದಿ ಬಂದ ಪತ್ರಿಕೆಯನ್ನು ಮೇಷ್ಟ್ರು ಮಡಿಸಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ.

ಕೃತಕ ಪದ್ಧತಿ ಎಂದರೆ ಗುಟ್ಟಿನ ಭಾಷೆ ಎಂದುಕೊಳ್ಳುವವರಿದ್ದಾರೆ. ಹಾಗಲ್ಲವೇ ಅಲ್ಲ. ನಾನು ಒಂದು ಡೈಮಂಡ್ ಎಂದಾಗ ಮೇಷ್ಟ್ರು ಅಲರ್ಟ್ ಎಂದು ಎದುರಾಳಿಗಳನ್ನು ಎಚ್ಚರಿಸಬೇಕು. ಅವರು ಕೇಳಿದರೆ 'ಸೊನ್ನೆಯಿಂದ ಏಳು, ಡೈಮಂಡಿಗೆ ಸಂಬಂಧವಿಲ್ಲ' ಎಂದು ಬಿಡಿಸಿ ಹೇಳಬೇಕು. ನಮ್ಮ ಒಪ್ಪಂದ ಅವರಿಗೂ ನಮ್ಮಷ್ಟೇ ತಿಳಿದಿರಬೇಕು. ಜೋಡಿ ಮಾತಾಡಿಕೊಳ್ಳಬೇಕಾದದ್ದು ಸವಾಲಿನಿಂದ ಮತ್ತು ಇಳಿಸಿದ ಎಲೆಯಿಂದ ಮಾತ್ರ ಎನ್ನುತ್ತದೆ ಡೂಪ್ಲಿಕೇಟ್ ಬ್ರಿಡ್ಜಿನ 73ನೇ ನಿಯಮ. ಬಡ ಕೈ ಹಿಡಿದವರು ಎಲ್ಲರಿಗಿಂತ ಹೆಚ್ಚು ಎಡವುವುದು ಇಲ್ಲಿಯೇ. ಎಲೆ ನೋಡಿದ ಕೂಡಲೇ ಮುಖ ಬಾಡುತ್ತದೆ. ನಿಟ್ಟುಸಿರು ಬರುತ್ತದೆ. ಯೋಚಿಸಲು ಏನೂ ಇಲ್ಲವಲ್ಲ ಎಂದು ಸವಾಲು ಥಟ್ಟನೆ ಹೊರಬೀಳುತ್ತದೆ. ಏಳು ಪಾಯಿಂಟಿನವರು ತಡವರಿಸಿ ಒಂದು ಡೈಮಂಡ್ ಎನ್ನುತ್ತಾರೆ, ಸೊನ್ನೆಯವರು ಕಣ್ಣು ಮಿಟುಕಿಸುವಷ್ಟರಲ್ಲಿ ಎನ್ನುತ್ತಾರೆ. ಎದುರಿನವರಿಗೆ ಆ ವೇಗವೇ ಉಳಿದದ್ದನ್ನೆಲ್ಲ ಹೇಳಿಬಿಡುತ್ತದೆ. ಅದು ಮೋಸ. ಬೇಕೆಂದೇ ಮಾಡದಿದ್ದರೂ ನ್ಯಾಯವಲ್ಲ. ಸವಾಲುಗಳನ್ನು ಬಾಯಲ್ಲಿ ಹೇಳದೆ ಪೆಟ್ಟಿಗೆಯಿಂದ ಚೀಟಿ ತೆಗೆದು ಮೇಜಿನ ಮೇಲಿಡುವ ಬಿಡ್ಡಿಂಗ್ ಬಾಕ್ಸ್ ಸ್ವೀಡನ್ನಿನಿಂದ ಬಂದದ್ದು ದನಿಯ ಏರಿಳಿತ ಇಲ್ಲವಾಗಲಿ ಎಂದೇ.

ಮೇಷ್ಟ್ರಿಗೆ ಈಗ ದೃಷ್ಟಿ ಸಾಲದು. ಹಜಾರದಲ್ಲಿ ಒಂದೇ ಮೇಜು. ಅವರು ಪಕ್ಕದಲ್ಲಿ ಕೂತು ಕೇಳುತ್ತಾರೆ. ಹೋದ ಭಾನುವಾರ ನನ್ನ ಎದುರು ಕೂತಿದ್ದವಳು ಮಿಲ್ಲಿನ ಜಾಗದ ಅಪಾರ್ಟ್‌ಮೆಂಟಿನಿಂದ ಬರುವ ಕಾಲೇಜು ಹುಡುಗಿ. ಕಲಿಯಲು ಶುರುಮಾಡಿ ಆರು ವಾರ. ನನ್ನ ಕೈಯಲ್ಲಿ 19 ಪಾಯಿಂಟು, ಆರು ಹಾರ್ಟ್. ಒಂದು ಕ್ಲಬ್ ಚೀಟಿ ಇಟ್ಟೆ. ಎಡಗಡೆಯವರು ಪಾಸ್. ಅವಳು ಎಲೆಗಳನ್ನು ಒಮ್ಮೆ ಜೋಡಿಸಿಕೊಂಡಳು. ಮುಖದಲ್ಲಿ ಏನೂ ಇಲ್ಲ. ಬೇಗವೂ ಅಲ್ಲದೆ ತಡವೂ ಅಲ್ಲದೆ ಪೆಟ್ಟಿಗೆಗೆ ಕೈ ಹಾಕಿ ಒಂದು ಡೈಮಂಡ್ ಚೀಟಿಯನ್ನು ಮೇಜಿನ ಮೇಲಿಟ್ಟಳು. ನಾನು ಅಲರ್ಟ್ ಎಂದೆ.

"ಏನಿಟ್ಟಳು?" ಮೇಷ್ಟ್ರು ಕೇಳಿದರು.

"ಒಂದು ಡೈಮಂಡ್, ಸಾರ್."

"ಹ್ಞೂಂ. ಈಗ ನಿನ್ನ ಬಣ್ಣ ಹೇಳಮ್ಮ."

ನಾನು ಒಂದು ಹಾರ್ಟ್ ಇಟ್ಟೆ.